ಗೆರೆಯ ಮೇಲಿನ ಚೀಟಿ

ಕಸ್ತೂರೆವ್ವ ಆಟಗಾರನ ಚಿತ್ರವಿದ್ದ ತನ್ನ ಕಬಡ್ಡಿ ಕಾರ್ಡನ್ನು ಹತ್ತಕ್ಕೆ ಇಷ್ಟೆಂದು ಅಂಕ ಹಾಕಿಸಲು ಹುಬ್ಬಳ್ಳಿಯ ನೋಂದಣಿ ಕಚೇರಿಗೆ ಕೊಟ್ಟು ನಾಲ್ಕು ವರ್ಷವಾಗಿತ್ತು. ಕೇಳಿದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ನಾಳೆ ಕಾರ್ಡು ಸಂಗ್ರಾಹಕರ ಮೇಳ. ಅಂಕವಿಲ್ಲದ ಕಾರ್ಡಿಗೆ ಅಲ್ಲಿ ಜಾಗವಿಲ್ಲ. ಅವಳು ಬುತ್ತಿ ಕಟ್ಟಿಕೊಂಡು ಬಂದು ಕೌಂಟರಿನ ಮುಂದೆ ಕೂತೇಬಿಟ್ಟಳು.

ಗುಮಾಸ್ತ ಹಂಚಿನಾಳ ಡ್ರಾಯರ್ ಎಳೆದ. ಒಳಗಿನಿಂದ ಸಣ್ಣ ದನಿ ಕೇಳಿಸಿತು: “ಕಬಡ್ಡಿ, ಕಬಡ್ಡಿ, ಕಬಡ್ಡಿ...” ಕಾರ್ಡಿನ ಚಿತ್ರದೊಳಗೆ ಆಟಗಾರ ಫಕೀರಪ್ಪ ಎದುರಾಳಿಗಳ ಅಂಗಳದಲ್ಲಿ ಇನ್ನೂ ಓಡಾಡುತ್ತಲೇ ಇದ್ದ.

“ನೋಡ್ರಿ ಅಕ್ಕಾರ, ಆಟಗಾರ ಉಸಿರು ಬಿಟ್ಟ ಮ್ಯಾಲೇ ಅಂಕ ಹಾಕಬೇಕಂತ ನಿಯಮ ಐತಿ. ಈ ಮನಶ್ಯಾ ಬಿಡವಲ್ಲ. ನಾವರ ಏನ್ ಮಾಡೋದ್ರಿ?”

ಕಸ್ತೂರೆವ್ವ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ನಡುಗೆರೆ ಇರಬೇಕಾದ ಜಾಗದಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬ ಚೀಟಿ ಅಂಟಿಕೊಂಡಿತ್ತು.

“ಅಲ್ಲೋ ತಮ್ಮಾ, ನಡುಗೆರಿ ಮುಟ್ಟದ ಅಂವ ಹೆಂಗ್ ಉಸಿರು ಬಿಡ್ತಾನ? ಬಿಟ್ರ ಔಟ್ ಆಗ್ತಾನಲ್ಲ! ಗೆರಿ ಮ್ಯಾಲೇ ನಿಮ್ಮ ಚೀಟಿ ಹಚ್ಚಿ ಕುಂತೀರಿ!”

ಅವಳು ಉಗುರಿನಿಂದ ಚೀಟಿಯನ್ನು ಮೆಲ್ಲಗೆ ಕಿತ್ತಳು. ಫಕೀರಪ್ಪ ಒಂದೇ ನೆಗೆತಕ್ಕೆ ಹಾರಿ ಬಿದ್ದು ಗೆರೆ ಮುಟ್ಟಿದ. ದನಿ ನಿಂತಿತು. ಇಡೀ ಕಚೇರಿ ಎದ್ದು ನಿಂತು ಚಪ್ಪಾಳೆ ತಟ್ಟಿತು.

“ಒಂದ ಉಸಿರಿಗೆ ನಾಕ್ ವರ್ಷ! ಹತ್ತಕ್ಕ ಹತ್ತು!” ಎಂದು ಹಂಚಿನಾಳ ಹುರುಪಿನಿಂದ ಮೊಹರು ಎತ್ತಿದ.

ಕಸ್ತೂರೆವ್ವ ಅವನ ಕೈ ತಡೆದಳು.

“ಹಿಂಬದಿಗೆ ಹೊಡಿ, ತಮ್ಮಾ. ಅಂವ ಈಗರ ಮಲಗ್ಯಾನ.”