ಇಲ್ಲದ ಕಳಸ

ಮಂಜಾದ ಜಾಗವನ್ನು ತಾನೇ ಊಹಿಸಿ ತುಂಬುವ ಲೆನ್ಸು ಬಂದ ಮೇಲೆ ಧಾರವಾಡದಲ್ಲಿ ಯಾರಿಗೂ ಕಣ್ಣು ಮಂಜಾದದ್ದೇ ತಿಳಿಯುತ್ತಿರಲಿಲ್ಲ. ನಲವತ್ತು ವರ್ಷದಿಂದ ಕಸೂತಿ ಹಾಕುವ ಫಕೀರವ್ವನಿಗೂ ತಾನು ಸೀರೆಯ ಸೆರಗಿಗೆ ಹಾಕಿದ ಗೋಪುರ ಚೊಕ್ಕವಾಗಿಯೇ ಕಂಡಿತ್ತು. ಕಸೂತಿಯಲ್ಲಿ ಗಂಟು ಇರಬಾರದಲ್ಲ, ಅದಕ್ಕೆ ಹಿಂಬದಿಯನ್ನು ಬೆರಳಿಂದ ಸವರಿ ನೋಡಿದಳು. ಕಳಸದ ಜಾಗದಲ್ಲಿ ದಾರವೇ ಇರಲಿಲ್ಲ. ಹಾಕದ ಕಳಸವನ್ನು ಲೆನ್ಸು ತೋರಿಸಿತ್ತು.

ಮರುದಿನ ಬೆಳಿಗ್ಗೆಯೇ ಕಣ್ಣು ಪರೀಕ್ಷಿಸುವ ತಬಸ್ಸುಮಳ ಎದುರು ಹೋಗಿ ಕೂತಳು.

"ಹೊಸಾ ಲೆನ್ಸ್ ಹಾಕ್ಲೇನ್ರಿ ಅಮ್ಮಾ? ಇನ್ನೂ ಚಲೋ ತುಂಬತೈತಿ."

"ತುಂಬಿದ್ದು ಸಾಕು. ನನ್ನ ಕಣ್ಣಿಗೆ ಏನಾಗೈತಿ ಹೇಳ್ರಿ."

ಲೆನ್ಸು ಕಳಚಿದೊಡನೆ ಗೋಡೆಯ ಅಕ್ಷರಗಳೆಲ್ಲ ಹಾಲಿನಲ್ಲಿ ಕದಡಿದಂತಾದವು. ತಬಸ್ಸುಮ್ ದೀಪ ಹಿಡಿದು ನೋಡಿದಳು.

"ಎರಡೂ ಕಣ್ಣಿಗೆ ಪೊರಿ ಬಂದೈತ್ರಿ. ಆಪರೇಷನ್ ಆಗಬೇಕು. ಮೊದಲ ಯಾಕ ಬರಲಿಲ್ಲ?"

"ಮಂಜ ಕಂಡಿದ್ರ ಬರತಿದ್ದೆ."

"ಅಲ್ಲೀತನಕ ಲೆನ್ಸ್ ಹಾಕ್ಕೋರಿ. ಇಲ್ಲಾಂದ್ರ ಮನೀ ಹೆಂಗ ಮುಟ್ಟತೀರಿ?"

"ಕೇಳಕೋತ ಹೋಗತೀನಿ."

ಫಕೀರವ್ವ ಲೆನ್ಸನ್ನು ಮೇಜಿನ ಮೇಲೇ ಬಿಟ್ಟು ಎದ್ದಳು. ಗೋಡೆ ಸವರುತ್ತಾ ಬಾಗಿಲಿಗೆ ಬಂದು, ಎದುರಿನ ಮಂಜಿಗೆ ಗಟ್ಟಿಯಾಗಿ ಕೂಗಿದಳು: "ಏ ಆಟೋ!"