ಮೂರು ರಾಣಿ, ಒಂದು ಚಿನ್ನದ ಹಲ್ಲು

ಭಾಮೈದ ಪಣಕ್ಕೆ ಇನ್ನೂ ಹತ್ತು ಹಲ್ಲು ಏರಿಸಿ ಕೈಕಟ್ಟಿ ಕೂತ ಹೊತ್ತಿಗೆ ಸರಿಯಾಗಿ ಹಲ್ಲಿನ ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಟಿ.ವಿ.ಯಲ್ಲಿ ಸಂಜೆ ಆರರ ವಾರ್ತೆ ಓದುವವರು. ಬಾಯಲ್ಲಿ ಒಂದು ಹಲ್ಲೂ ಇಲ್ಲ.

“ನನ್ನ ಸೆಟ್ ಆಯ್ತಾ?” ಎಂದರು. ಮಾತಿಗಿಂತ ಗಾಳಿಯೇ ಹೆಚ್ಚು ಬಂತು.

“ಇಪ್ಪತ್ತೆರಡು ಕೂರಿಸಿದೀನಿ ಸಾರ್,” ಭಾವ ಕಪಾಟಿನತ್ತ ಕೈ ತೋರಿಸಿದ. “ಮುಂದಿನ ಆರು ಆಟದಲ್ಲಿದಾವೆ.”

ಹೊಳೆ ದಂಡೆಯ ಆ ಅಂಗಡಿಯಲ್ಲಿ ಕಟ್ಟುಹಲ್ಲು ಮಾಡುವ ಭಾವ-ಭಾಮೈದರು ಊಟದ ಬಿಡುವಿನಲ್ಲಿ ಪೋಕರ್ ಆಡುತ್ತಿದ್ದರು. ಪಣಕ್ಕೆ ಹಲ್ಲುಗಳನ್ನೇ ಇಡುತ್ತಿದ್ದರು. ಅಂದು ಕೊನೆಯ ಸುತ್ತಿನಲ್ಲಿ ಭಾವನ ಪಾಲಿನ ಹಲ್ಲು ಮುಗಿದು, ಆವೇಶದಲ್ಲಿ ಅವನು ವಾರ್ತೆಯವರ ಆರನ್ನೂ ತೆಗೆದು ಹಾಕಿಬಿಟ್ಟಿದ್ದ. ಭಾಮೈದ ಆರಕ್ಕೆ ಆರು ಹಾಕಿ, ಮೇಲೆ ಹತ್ತು ಏರಿಸಿದ್ದ. ಅವನ ಕೈಯಲ್ಲಿ ಎರಡು ರಾಣಿ, ಮೇಜಿನ ಮೇಲೆ ಬಿಚ್ಚಿಟ್ಟ ಐದು ಎಲೆಗಳಲ್ಲಿ ಇನ್ನೊಂದು. ಮೂರು ರಾಣಿಯರ ಗಂಡನಂತೆ ಒಳಗೊಳಗೇ ಹಿಗ್ಗುತ್ತಿದ್ದ. ಭಾವ ಸೋತೆನೆಂದು ಎಲೆ ಕೆಳಗಿಡುವುದರಲ್ಲಿದ್ದ.

“ನಿನ್ನ ಭಾವ ಎಲೆ ಇಟ್ಬಿಟ್ರೆ ನನ್ನ ಹಲ್ಲು?”

“ನಂದಾಗುತ್ತೆ ಸಾರ್. ನಾಳೆ ಊಟದ ಹೊತ್ತಲ್ಲಿ ಭಾವ ಗೆದ್ಕೊಂಡ್ರೆ ವಾಪಸ್ ಬರುತ್ತೆ.”

“ಇವತ್ತು ಆರು ಗಂಟೆಗೆ ವಾರ್ತೆ ಇದೆಯಪ್ಪಾ.”

“ಬೇಜಾರ್ ಮಾಡ್ಕೋಬೇಡಿ,” ಎಂದ ಭಾಮೈದ. “ಆಟ ಅಂದ್ರೆ ಆಟ.”

ವಾರ್ತೆಯವರು ಕುರ್ಚಿ ಎಳೆದುಕೊಂಡು ಕೂತರು. ಭಾವನ ಕೈಯಿಂದ ಎರಡೂ ಎಲೆ ತೆಗೆದುಕೊಂಡು, ಆಗಷ್ಟೇ ಕೈಗೆ ಬಂದ ಸುದ್ದಿಯ ಹಾಳೆಯಂತೆ ಒಮ್ಮೆ ನೋಡಿದರು. ಮೇಜಿನ ಮೇಲಿನ ಐದರಲ್ಲಿ ಮೂರು ಆಟೀನು. ಕಪಾಟಿನಿಂದ ಸೆಟ್ ಇಳಿಸಿ, ಮುಂದೆ ಬೋಳಾಗಿದ್ದ ಎರಡೂ ದವಡೆಗಳನ್ನು ಹಲ್ಲಿನ ರಾಶಿಯ ಪಕ್ಕ ಇಟ್ಟರು.

“ಇಪ್ಪತ್ತೆರಡು,” ಎಂದರು. “ನಿನ್ನ ಹತ್ತಕ್ಕೆ ಹತ್ತು, ಮೇಲೆ ಹನ್ನೆರಡು.”

ಭಾಮೈದ ಲೆಕ್ಕ ಹಾಕಿದ. ಅವರ ಕೈಯಲ್ಲಿ ಎರಡು ಆಟೀನು ಇದ್ದರೆ ಒಂದೇ ಜಾತಿಯ ಐದು ಎಲೆ ಕೂಡಿ ಮೂರು ರಾಣಿಯರ ಕತೆ ಮುಗಿಯಿತು. ಇದೆಯೋ ಇಲ್ಲವೋ ತಿಳಿಯಲು ಆ ಮುಖವನ್ನು ಕಣ್ಣಲ್ಲೇ ಜಾಲಾಡಿದ. ಹನ್ನೆರಡು ವರ್ಷದಿಂದ ದಿನಾ ಸಂಜೆ ನೋಡಿದ ಮುಖ. ಸೇತುವೆ ಕುಸಿದಾಗಲೂ ಹಾಗೇ ಇತ್ತು, ಸರ್ಕಸ್ಸಿನ ಆನೆ ಮರಿ ಹಾಕಿದಾಗಲೂ ಹಾಗೇ ಇತ್ತು. ಎಲೆ ಬಿಚ್ಚಿಸಿ ನೋಡಲು ಹನ್ನೆರಡು ಹಲ್ಲು ಬೇಕು. ತನ್ನ ರಾಶಿ ಎಣಿಸಿದ.

“ಹನ್ನೊಂದೇ ಇರೋದು.”

“ನಿನ್ನ ಬಾಯಲ್ಲೊಂದಿದೆಯಲ್ಲೋ, ಚಿನ್ನದ್ದು,” ಎಂದು ಭಾವ ತಣ್ಣಗೆ ಇಕ್ಕಳ ಒರೆಸತೊಡಗಿದ.

ಭಾಮೈದನ ನಾಲಗೆ ತಾನಾಗಿ ಆ ಹಲ್ಲನ್ನು ಸವರಿತು. ಮೊದಲ ಸಂಬಳದಲ್ಲಿ ತಾನೇ ಮಾಡಿ ಕೂರಿಸಿಕೊಂಡದ್ದು. ಹೆಂಡತಿ ಅವನಲ್ಲಿ ಮೆಚ್ಚುತ್ತಿದ್ದುದು ಅದೊಂದನ್ನೇ. ಬಾಯಿಗೆ ಕೈ ಅಡ್ಡ ಹಿಡಿದು, ರಾಣಿಯರನ್ನು ಬೋರಲಾಗಿ ಇಟ್ಟುಬಿಟ್ಟ.

ಭಾವ ತಡೆಯಲಾರದೆ ವಾರ್ತೆಯವರ ಕೈಲಿದ್ದ ತನ್ನ ಎಲೆ ತಿರುಗಿಸಿ ತೋರಿಸಿದ. ಇಸ್ಪೀಟಿನ ಎರಡು, ಕಳಾವರಿನ ಏಳು. ಒಂದು ಜೋಡಿಯೂ ಇಲ್ಲ.

“ಸುಳ್ಳು ಹೇಳಿದ್ರಿ ಸಾರ್,” ಎಂದ ಭಾಮೈದ.

“ನಾನೇನು ಹೇಳಿದೆನಪ್ಪಾ? ಇಪ್ಪತ್ತೆರಡು ಅಂದೆ. ಬೇಕಾದ್ರೆ ಎಣಿಸಿ ನೋಡು.”

ಸಂಜೆ ಆರಕ್ಕೆ ಅಂಗಡಿಯ ಟಿ.ವಿ.ಯಲ್ಲಿ ಅವರು ಕಾಣಿಸಿಕೊಂಡರು. ಇಪ್ಪತ್ತೆಂಟೂ ಹಲ್ಲು ಫಳಫಳ ಹೊಳೆಯುತ್ತಿದ್ದವು. “ಮೇಲಿನ ಅಣೆಕಟ್ಟೆಗೆ ಯಾವ ಅಪಾಯವೂ ಇಲ್ಲ. ಹೊಳೆ ದಂಡೆಯ ಜನ ನಿಶ್ಚಿಂತೆಯಿಂದ ಇರಬಹುದು.”

“ಸೆಟ್ ಎಷ್ಟು ಚೆನ್ನಾಗಿ ಕೂತಿದೆ ನೋಡು,” ಎಂದ ಭಾವ.

ಭಾಮೈದ ಆ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಎದ್ದು ಏಣಿ ತಂದು, ಹಲ್ಲಿನ ಡಬ್ಬಿಗಳನ್ನು ಒಂದೊಂದಾಗಿ ಅಟ್ಟಕ್ಕೆ ಸಾಗಿಸತೊಡಗಿದ.