೨೦೩೫ರಲ್ಲಿ ಕೆಡಬೇಕಾದ ನೀರು

ಗಯಾಬಾಯಿ ಕೈಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಅದರೊಳಗಿನ ನೀರು ಅರಿಸಿನ ಕದಡಿದ ಹಾಗೆ ಹಳದಿಯಾಗಿತ್ತು. ಹುಮನಾಬಾದಿನ ಕಲ್ಯಾಣ ಮಂಟಪದಲ್ಲಿ ಸೇರಿದ್ದವರೆಲ್ಲ ಕತ್ತು ಚಾಚಿ ನೋಡಿದರು.

"ಇದು ಯಾವ ಸಾಲಿನ ನೀರವ್ವಾ?" ಎಂದ ಡಾ. ಅಜೀತ.

"ಸಾಲ್ ಎಲ್ಲೀದ್ರಿ ಸಾಹೇಬ್ರ? ಇವತ್ತ ಮುಂಜಾನಿ ಸೇದೀನಿ."

"ಇವತ್ತಿಂದು ನಡೆಂಗಿಲ್ಲ."

ಅಜೀತ ಬಸವಕಲ್ಯಾಣದವನೇ. ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಪರಿಸರ ತಂತ್ರಜ್ಞಾನದಲ್ಲಿ ಮುಂದೆ ಯಾವ ಸಂಶೋಧನೆ ಮೊದಲು ನಡೆಯಬೇಕು ಎಂದು ಹಳ್ಳಿಯವರನ್ನೇ ಕೇಳಿ ಪಟ್ಟಿ ಮಾಡಲು ಅವನನ್ನು ಕಳಿಸಿದ್ದರು. ಗೋಡೆಯ ಮೇಲೆ ಮೂರು ದೊಡ್ಡ ಹಾಳೆ ಅಂಟಿಸಿದ್ದ: ೨೦೩೦, ೨೦೩೫, ೨೦೪೦. ಈ ವರ್ಷಕ್ಕೆ ಹಾಳೆ ಇರಲಿಲ್ಲ.

ಗಯಾಬಾಯಿ ದುಬಲಗುಂಡಿಯ ಕೂಲಿ ಹೆಂಗಸು. ಹಳ್ಳದಾಚೆಯ ಕಾರ್ಖಾನೆಯೊಂದರ ಕೊಳವೆ ಸೋರಿ, ಮೂರು ತಿಂಗಳಿಂದ ಅವಳ ಓಣಿಯ ಬಾವಿ ಕೆಟ್ಟುಹೋಗಿತ್ತು. ಐದು ತಿಂಗಳ ಬಸುರಿ ಸೊಸೆ ಮೀನಾ ಮೈಲಿ ದೂರದಿಂದ ಕೊಡ ಹೊತ್ತು ತರುತ್ತಿದ್ದಳು. ಹೋದ ವಾರ ದಾರಿಯಲ್ಲಿ ಜಾರಿ ಬಿದ್ದಿದ್ದಳು. ಗಯಾಬಾಯಿ ಪಂಚಾಯಿತಿ ಕಚೇರಿಗೆ ಹೋದರೆ ಅಲ್ಲಿಯವರು, "ಇದು ಎಂಥಾ ಬಣ್ಣ ಅಂತ ನಮಗ ತಿಳೀವಲ್ದು, ಸಂಶೋಧನಾ ಆಗಬೇಕು. ಹುಮನಾಬಾದಕ್ಕ ವಿಜ್ಞಾನಿಗಳು ಬರಾಕತ್ತಾರ, ಅಲ್ಲಿ ಹೋಗು" ಎಂದು ಸಾಗಹಾಕಿದ್ದರು.

ಅದನ್ನೆಲ್ಲ ಕೇಳಿ ಅಜೀತ ಮರುಗಿದ. "ನಿಮ್ಮ ತ್ರಾಸ ನನಗ ತಿಳೀತದವ್ವಾ. ಆದ್ರ ಆಗಿಹೋಗಿದ್ದು ಬರಕೊಳ್ಳಾಕ ಬರಂಗಿಲ್ಲ. ಮುಂದ ಆಗೋದು ಏನರ ಇದ್ರ ಹೇಳ್ರಿ."

ಗಯಾಬಾಯಿ ಹಾಳೆಗಳನ್ನು ಬಹಳ ಹೊತ್ತು ನೋಡಿದಳು. "ನಡುವಿಂದು ಯಾವ ಸಾಲ್ರಿ?"

"ಎರಡು ಸಾವಿರದ ಮೂವತ್ತೈದು."

"ಹಂಗಾರ ಬರೀರಿ. ಆ ಸಾಲಿಗಿ ದುಬಲಗುಂಡಿ ಬಾವಿ ನೀರು ಹಳದಿ ಆಗ್ತದ."

ಅಜೀತನ ಮುಖ ಅರಳಿತು. ಬೆಳಗಿನಿಂದ ಇಷ್ಟು ಖಚಿತವಾಗಿ ಭವಿಷ್ಯ ಹೇಳಿದವರು ಯಾರೂ ಇರಲಿಲ್ಲ. ಅವನು ದಪ್ಪ ಅಕ್ಷರದಲ್ಲಿ ಬರೆದ. ಮೆಚ್ಚಿದ ವಿಷಯಕ್ಕೆ ಅಂಟಿಸಿರೆಂದು ಎಲ್ಲರಿಗೂ ಒಂದೊಂದು ಹಸಿರು ಚೀಟಿ ಕೊಟ್ಟಿದ್ದರು. ಮನ್ನಾಏಖೇಳ್ಳಿಯವರು, ಬೇಮಳಖೇಡದವರು, ಬಸ್ಸಿಗೆ ಹೊತ್ತಾಯಿತೆಂದು ಎದ್ದವರು, ಎಲ್ಲರೂ ಅದನ್ನು ಗಯಾಬಾಯಿ ಬರೆಸಿದ ಮಾತಿನ ಮೇಲೆಯೇ ಒತ್ತಿ ಹೊರಟರು. ದುಬಲಗುಂಡಿಯ ಬಾವಿ ಮೊದಲನೆಯ ಆದ್ಯತೆಯಾಯಿತು.

ಎರಡು ತಿಂಗಳ ಮೇಲೆ ಅಜೀತ ಜೀಪಿನಲ್ಲಿ ಬಂದ. ಬಾವಿಯಲ್ಲಿ ಇಣುಕಿದವನೇ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕೂತುಬಿಟ್ಟ.

"ಅವ್ವಾ, ಇದು ಈಗೇ ಕೆಟ್ಟು ಹೋಗ್ಯಾದಲ್ಲ!"

"ಅವತ್ತೇ ತೋರ್ಸಿದ್ನಲ್ರಿ."

"ಕೆಡಬೇಕಾಗಿದ್ದು ಮೂವತ್ತೈದಕ್ಕ! ಯೋಜನಾ ಮಂಜೂರ್ ಆಗ್ಯಾದ. ಮೊದಲ್ನೇ ವರ್ಷ ನೀರು ಸ್ವಚ್ಛ ಇರಬೇಕು, ಆಮ್ಯಾಲ ಅದು ಹ್ಯಾಂಗ ಹ್ಯಾಂಗ ಕೆಡ್ತು ಅಂತ ವರ್ಷಾ ಅಳೀಬೇಕು. ಇಷ್ಟ ಲಗೂನ ಕೆಟ್ರ ನಾ ಮ್ಯಾಲಿನವ್ರಿಗಿ ಏನ್ ಹೇಳ್ಲಿ?"

ಗಯಾಬಾಯಿಗೆ ನಿಜವಾಗಿಯೂ ನಾಚಿಕೆಯಾಯಿತು. "ತಪ್ಪಾಯ್ತ್ರಿ ಸಾಹೇಬ್ರ," ಎಂದಳು.

ಆಮೇಲೆ ನಡೆದದ್ದನ್ನು ಊರಿನವರು ಬಾಯಿ ಬಿಟ್ಟು ನೋಡಿದರು. ಅಜೀತ ಕಾರ್ಖಾನೆಯ ಬಾಗಿಲಿಗೆ ಹೋಗಿ, ಇವರ ಕೊಳವೆಯಿಂದ ಭವಿಷ್ಯದ ಸಂಶೋಧನೆಗೆ ಅಡ್ಡಿಯಾಗುತ್ತಿದೆ ಎಂಬ ಕಾಗದ ಕೊಟ್ಟ. ಜನರಿಗೆ ತೊಂದರೆ ಎಂದಾಗ ಅಲ್ಲಾಡದವರು ಸಂಶೋಧನೆ ಎಂದ ಕೂಡಲೇ ಬೆವೆತರು. ಮೂರೇ ದಿನದಲ್ಲಿ ಕೊಳವೆ ಮುಚ್ಚಿತು. ಪಂಪು ಹಚ್ಚಿ ಬಾವಿ ಬರಿದು ಮಾಡಿದರು, ಹೂಳು ಎತ್ತಿದರು, ಸೆಲೆ ಒಡೆದು ತುಂಬಿದ ನೀರನ್ನು ಮತ್ತೆ ಎತ್ತಿ ಚೆಲ್ಲಿದರು. ಐದನೆಯ ಸಲ ತುಂಬಿದಾಗ ತಳದ ಕಲ್ಲು ಕಂಡಿತು. ಅಜೀತ ಆ ನೀರನ್ನು ಪರೀಕ್ಷೆಗೆ ಕಳಿಸಿ, ಕುಡಿಯಲು ಯೋಗ್ಯ ಎಂಬ ವರದಿ ತರಿಸಿದ. ಕಟ್ಟೆಯ ಪಕ್ಕ ಒಂದು ಫಲಕವನ್ನೂ ನಿಲ್ಲಿಸಿದ: 'ಭವಿಷ್ಯದ ಮಾಲಿನ್ಯ ಅಧ್ಯಯನ ಸ್ಥಳ. ಈ ನೀರು ೨೦೩೫ರಲ್ಲಿ ಕೆಡಲಿದೆ.'

ಮೀನಾ ಮೊದಲ ಕೊಡ ಸೇದಿ, ಕಟ್ಟೆಗೆ ಒರಗಿ, ಬೊಗಸೆ ತುಂಬ ಕುಡಿದಳು. ಅದನ್ನು ನೋಡುತ್ತಾ ನಿಂತ ಗಯಾಬಾಯಿ ತಾನೂ ಕೊಡದೊಳಗೆ ಕೈ ಅದ್ದಿ, ಅಜೀತನ ಕಡೆ ತಿರುಗಿದಳು.

"ಸಾಹೇಬ್ರ, ನಿಮ್ಮ ಹೊಟ್ಟಿ ತಣ್ಣಗಿರಲಿ. ಇದು ಹಿಂಗೇ ಉಳಿಲಿ. ಎಂದೂ ಕೆಡದಂಗ ಇರ್ಲಿ."

ಅಜೀತನ ಮುಖ ಬಿಳಿಚಿತು. "ಹಂಗ ಅನಬ್ಯಾಡವ್ವಾ! ಏಳು ಮಂದಿ ನೌಕರಿ, ಇಬ್ಬರ ಪಿಎಚ್‌ಡಿ ಈ ಬಾವಿ ಮ್ಯಾಲ ನಿಂತಾವ. ಕೆಡಲಿಲ್ಲಂದ್ರ ನಾವು ಎಲ್ಲಿಗಿ ಹೋಗಬೇಕು?"

ಗಯಾಬಾಯಿ ಅವನ ಹತ್ತಿರ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಬೆನ್ನು ಸವರಿದಳು.

"ಫಿಕರ್ ಮಾಡಬ್ಯಾಡೋ ನನ್ನಪ್ಪಾ. ದೇವ್ರು ದೊಡ್ಡಾಂವ ಅದಾನ. ಕೆಡ್ತದ, ಖರೇನ ಕೆಡ್ತದ."